ಹದಿನೈದು ನಿಮಿಷ ಹಳೆಯ ಆಕಾಶ: ಖಾಸಗಿ ಪೈಲಟ್‌ಗಳು ಹವಾಮಾನವನ್ನು ಓದುವ ಬಗೆ

ಸಣ್ಣ ವಿಮಾನವನ್ನು ಸ್ವಂತಕ್ಕಾಗಿ ಹಾರಿಸುವ ಖಾಸಗಿ ಪೈಲಟ್‌ಗಳ ಫೋನಿನಲ್ಲಿ ಇಂದು ಸಿಗುವಷ್ಟು ಹವಾಮಾನ ನಕ್ಷೆಗಳು ನಲವತ್ತು ವರ್ಷಗಳ ಹಿಂದೆ ದೊಡ್ಡ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲೂ ಸಿಗುತ್ತಿರಲಿಲ್ಲ. ಉಪಗ್ರಹದ ಚಿತ್ರ ಹತ್ತು ನಿಮಿಷಕ್ಕೊಮ್ಮೆ ಹೊಸದಾಗುತ್ತದೆ, ರಾಡಾರ್ ಮಳೆಯನ್ನು ಬಣ್ಣಗಳಲ್ಲಿ ಬಿಡಿಸಿ ತೋರಿಸುತ್ತದೆ, ಹಲವು ದೇಶಗಳ ಗಣಕ ಮಾದರಿಗಳು ಮುಂದಿನ ಹತ್ತು ದಿನಗಳ ಗಾಳಿಯನ್ನು ಬೆರಳ ತುದಿಗೆ ತಂದಿಡುತ್ತವೆ. ಆದರೂ ಸಣ್ಣ ವಿಮಾನಗಳ ಅಪಘಾತ ವರದಿಗಳಿಂದ ಒಂದು ಬಗೆಯ ಘಟನೆ ಮಾತ್ರ ಮರೆಯಾಗಿಲ್ಲ. ನೆಲವನ್ನೂ ದಿಗಂತವನ್ನೂ ಕಣ್ಣಿನಿಂದ ನೋಡುತ್ತ ಹಾರಬೇಕಾದ ಪೈಲಟ್ ಮೋಡದೊಳಕ್ಕೋ ಮಂಜಿನೊಳಕ್ಕೋ ಹೊಕ್ಕು, ಕೆಲವೇ ನಿಮಿಷಗಳಲ್ಲಿ ವಿಮಾನದ ಹಿಡಿತ ಕಳೆದುಕೊಳ್ಳುವ ಘಟನೆ ಅದು. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಇವುಗಳ ಪಾಲು ದೊಡ್ಡದಲ್ಲದಿದ್ದರೂ, ನಡೆದವುಗಳಲ್ಲಿ ಬಹುಪಾಲು ಪ್ರಾಣಾಂತಿಕವಾಗಿಯೇ ಮುಗಿಯುತ್ತವೆ.

ಮಾಹಿತಿ ಇಷ್ಟು ಹೆಚ್ಚಿದ ಮೇಲೂ ಈ ಘಟನೆ ಏಕೆ ಉಳಿದುಕೊಂಡಿದೆ ಎಂಬ ಪ್ರಶ್ನೆಗೆ ಪೈಲಟ್‌ಗಳ ದುಡುಕನ್ನು ಕಾರಣವಾಗಿ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ದುಡುಕು ಇದೆ, ನಿಜ. ಆದರೆ ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಪರದೆಯ ಮೇಲಿನ ಪ್ರತಿಯೊಂದು ಅಂಕಿಗೂ ಇರುವ ವಯಸ್ಸನ್ನು ಮತ್ತು ಸ್ಥಳವನ್ನು ಎಂದು ನನಗನ್ನಿಸುತ್ತದೆ. ಆ ಅಂಕಿ ಯಾವಾಗ ಅಳೆದದ್ದು, ಎಲ್ಲಿ ಅಳೆದದ್ದು, ಅಳೆದದ್ದೋ ಅಥವಾ ಲೆಕ್ಕ ಹಾಕಿ ಊಹಿಸಿದ್ದೋ ಎಂಬುದನ್ನು ಇಂದಿನ ಆ್ಯಪ್‌ಗಳ ಅಂದವಾದ ನಕ್ಷೆಗಳು ಎದ್ದು ಕಾಣುವಂತೆ ಹೇಳುವುದಿಲ್ಲ. ಅದನ್ನು ಕೇಳಿ ತಿಳಿಯುವ ಕೆಲಸ ಪೂರ್ತಿಯಾಗಿ ಪೈಲಟ್‌ನ ಪಾಲಿಗೆ ಬಂದಿದೆ.

ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳ ಸ್ಥಿತಿ ಬೇರೆ. ಅವರ ಹಿಂದೆ ಹಾರಾಟವನ್ನು ಯೋಜಿಸುವ ಸಿಬ್ಬಂದಿ ಇರುತ್ತಾರೆ, ಮೂಗಿನಲ್ಲಿ ರಾಡಾರ್ ಇರುತ್ತದೆ, ರೆಕ್ಕೆಯ ಮೇಲೆ ಕಟ್ಟುವ ಹಿಮವನ್ನು ತೊಲಗಿಸುವ ವ್ಯವಸ್ಥೆ ಇರುತ್ತದೆ, ಮತ್ತು ಹತ್ತು ಕಿಲೋಮೀಟರ್ ಎತ್ತರಕ್ಕೇರಿದ ಮೇಲೆ ಬಹಳಷ್ಟು ಹವಾಮಾನ ಅವರ ಕೆಳಗೇ ಉಳಿಯುತ್ತದೆ. ಒಂಟಿ ಎಂಜಿನ್‌ನ ನಾಲ್ಕು ಸೀಟಿನ ವಿಮಾನ ಹವಾಮಾನ ನಡೆಯುವ ಪದರದೊಳಗೇ ಹಾರುತ್ತದೆ. ಅದರ ಪೈಲಟ್ ಉಪಕರಣಗಳ ನೆರವಿನಿಂದಲೇ ಹಾರುವ ಪ್ರತ್ಯೇಕ ಅರ್ಹತೆ ಪಡೆದಿಲ್ಲದಿದ್ದರೆ ದೃಶ್ಯ ಹಾರಾಟ ನಿಯಮಗಳಿಗೆ, ಅಂದರೆ ವಿಎಫ್‌ಆರ್‌ಗೆ, ಬದ್ಧರಾಗಿರಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯಾದ ಐಕಾವೊ ಹೇಳುವ ಕನಿಷ್ಠ ಮಿತಿ, ನಿಯಂತ್ರಣವಿಲ್ಲದ ಕೆಳ ಆಕಾಶದಲ್ಲಿ, ಸಾಮಾನ್ಯವಾಗಿ 5 ಕಿಲೋಮೀಟರ್ ಗೋಚರತೆ, ಮೋಡದಿಂದ ಹೊರಗಿರುವುದು ಮತ್ತು ನೆಲ ಕಾಣುತ್ತಿರುವುದು. ಗಂಟೆಗೆ 120 ನಾಟಿಕಲ್ ಮೈಲಿ ವೇಗದಲ್ಲಿ ಹಾರುವವರಿಗೆ ಆ 5 ಕಿಲೋಮೀಟರ್ ಎಂದರೆ ಒಂದೂವರೆ ನಿಮಿಷಕ್ಕಿಂತ ತುಸು ಕಡಿಮೆ. ಮಿತಿಯೊಳಗಿದ್ದೇನೆ ಎಂಬ ಮಾತಿಗೂ ಸುರಕ್ಷಿತವಾಗಿದ್ದೇನೆ ಎಂಬ ಮಾತಿಗೂ ಇರುವ ಅಂತರ ಇಲ್ಲೇ ಕಾಣುತ್ತದೆ.

ಹವಾಮಾನವನ್ನು ಹಿಂಬಾಲಿಸುವ ಕೆಲಸ ಹಾರಾಟಕ್ಕೆ ಮೂರು ನಾಲ್ಕು ದಿನ ಮೊದಲೇ ಆರಂಭವಾಗುತ್ತದೆ. ಆಗ ನೋಡಬೇಕಾದದ್ದು ಒಟ್ಟಾರೆ ಸ್ವರೂಪವನ್ನು: ವಾಯುಭಾರ ಕುಸಿತ ಎಲ್ಲಿದೆ, ಶೀತ ಮುಂಚೂಣಿ, ಅಂದರೆ ಮುನ್ನುಗ್ಗುವ ತಣ್ಣನೆಯ ಗಾಳಿಯ ಅಂಚು, ಯಾವ ದಿನ ದಾರಿಗೆ ಅಡ್ಡ ಬರುತ್ತದೆ, ಗಾಳಿ ಯಾವ ಕಡೆಯಿಂದ ತೇವವನ್ನು ಹೊತ್ತು ತರುತ್ತದೆ. ಇದಕ್ಕೆ ಜಾಗತಿಕ ಮಾದರಿಗಳು ಸಾಕು. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಮಾದರಿ ಸುಮಾರು 9 ಕಿಲೋಮೀಟರ್‌ನ ಚೌಕಗಳಲ್ಲಿ, ಅಮೆರಿಕದ ಜಿಎಫ್‌ಎಸ್ ಮತ್ತು ಜರ್ಮನಿಯ ಐಕಾನ್ ಸುಮಾರು 13 ಕಿಲೋಮೀಟರ್‌ನ ಚೌಕಗಳಲ್ಲಿ ಇಡೀ ಭೂಮಿಯ ವಾತಾವರಣವನ್ನು ಲೆಕ್ಕ ಹಾಕುತ್ತವೆ. ಇವುಗಳನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ತೋರಿಸುವ ವಿಂಡಿ ಎಂಬ ತಾಣವನ್ನು 2014ರಲ್ಲಿ ಆರಂಭಿಸಿದ ಚೆಕ್ ಉದ್ಯಮಿ ಇವೊ ಲುಕಾಚೊವಿಚ್ ಸ್ವತಃ ಪೈಲಟ್ ಆಗಿರುವುದು ಆಕಸ್ಮಿಕವಲ್ಲ. ಎರಡು ಮಾದರಿಗಳು ಒಂದೇ ಮಾತು ಹೇಳಿದರೆ ನಂಬಿಕೆ ಸ್ವಲ್ಪ ಹೆಚ್ಚುತ್ತದೆ. ಎರಡೂ ಬೇರೆ ಬೇರೆ ಹೇಳಿದರೆ ತನಗೆ ಅನುಕೂಲವಾದುದನ್ನು ಆರಿಸಿಕೊಳ್ಳುವುದಲ್ಲ, ಆ ದಿನದ ವಾತಾವರಣವೇ ಇನ್ನೂ ತೀರ್ಮಾನವಾಗಿಲ್ಲ ಎಂದು ಓದಿಕೊಳ್ಳುವುದು ಸರಿಯಾದ ಕ್ರಮ.

ಮಾದರಿಗಳಿಗೆ ಒಂದು ಸಹಜ ಮಿತಿ ಇದೆ. ಹತ್ತು ಕಿಲೋಮೀಟರ್ ಚೌಕದಲ್ಲಿ ಒಂದು ಕಣಿವೆ, ಒಂದು ಕೆರೆಯ ದಂಡೆ, ಕಡಲ ಗಾಳಿಯ ಅಂಚು, ಬೆಟ್ಟದ ಒಂದು ಮಗ್ಗುಲಿಗೆ ಮಾತ್ರ ಅಂಟಿಕೊಂಡ ಮೋಡ, ಇವೆಲ್ಲ ಸರಾಸರಿಯಲ್ಲಿ ಕರಗಿಹೋಗುತ್ತವೆ. ಅಮೆರಿಕದಲ್ಲಿ ಗಂಟೆಗೊಮ್ಮೆ ಹೊಸದಾಗಿ ಲೆಕ್ಕ ಹಾಕುವ, 3 ಕಿಲೋಮೀಟರ್ ಚೌಕಗಳ ಎಚ್‌ಆರ್‌ಆರ್‌ಆರ್ ಮಾದರಿ ಗುಡುಗು ಮೋಡಗಳ ರೂಪವನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ, ಆದರೆ ನಿರ್ದಿಷ್ಟ ಮೋಡ ನಿರ್ದಿಷ್ಟ ಹಳ್ಳಿಯ ಮೇಲೆ ಯಾವಾಗ ಇರುತ್ತದೆ ಎಂದು ಅದರಿಂದ ನಿರೀಕ್ಷಿಸುವಂತಿಲ್ಲ.

ಕೃತಕ ಬುದ್ಧಿಮತ್ತೆಯ ಮಾದರಿಗಳು ಬಂದ ಮೇಲೆ ಈ ಮಿತಿ ಅಳಿಯಿತು ಎಂಬ ಭಾವನೆ ಹರಡುತ್ತಿದೆ. ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ 2023ರಲ್ಲಿ ಪ್ರಕಟವಾದಾಗ ಹತ್ತು ದಿನಗಳ ಜಾಗತಿಕ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಟ್ಟು ಬೆರಗು ಹುಟ್ಟಿಸಿತು. ಯುರೋಪಿನ ಕೇಂದ್ರವೂ 2025ರ ಫೆಬ್ರವರಿಯಲ್ಲಿ ತನ್ನದೇ ಆದ ಎಐಎಫ್‌ಎಸ್ ಮಾದರಿಯನ್ನು ದೈನಂದಿನ ಬಳಕೆಗೆ ತಂದಿತು. ಚಂಡಮಾರುತದ ದಾರಿ, ವಾಯುಭಾರದ ವಿನ್ಯಾಸ ಮುಂತಾದ ದೊಡ್ಡ ಸಂಗತಿಗಳಲ್ಲಿ ಇವುಗಳ ಸಾಧನೆ ನಿಜವಾದದ್ದು. ಆದರೆ ಇವುಗಳ ಚೌಕಗಳು ಸುಮಾರು 28 ಕಿಲೋಮೀಟರ್‌ನವು, ಮತ್ತು ವಿಎಫ್‌ಆರ್ ಪೈಲಟ್‌ಗೆ ಎಲ್ಲಕ್ಕಿಂತ ಮುಖ್ಯವಾದ ಎರಡು ಸಂಗತಿಗಳು, ಅಂದರೆ ಮೋಡದ ತಳದ ಎತ್ತರ ಮತ್ತು ಗೋಚರತೆ, ಗ್ರಾಫ್‌ಕಾಸ್ಟ್ ಊಹಿಸುವ ಪಟ್ಟಿಯಲ್ಲೇ ಇಲ್ಲ. ವೇಗವಾಗಿ ಬಂದ ಮುನ್ಸೂಚನೆ ನೆಲಕ್ಕೆ ಹತ್ತಿರದ ಮುನ್ಸೂಚನೆ ಆಗಬೇಕಾಗಿಲ್ಲ.

ಇನ್ನೊಂದು ಸಂಗತಿ ಮರೆಯಲ್ಲೇ ಉಳಿದುಬಿಡುತ್ತದೆ. ಮಾದರಿ ಹಳೆಯ ಬಗೆಯದಾಗಲಿ ಹೊಸ ಬಗೆಯದಾಗಲಿ, ಅದು ಹೊರಡುವುದು ಅಳತೆಗಳಿಂದಲೇ. 2020ರಲ್ಲಿ ಕೊರೊನಾದಿಂದಾಗಿ ವಿಮಾನಗಳು ನೆಲಕ್ಕಿಳಿದಾಗ, ಹಾರುತ್ತಲೇ ಉಷ್ಣತೆ ಮತ್ತು ಗಾಳಿಯನ್ನು ಅಳೆದು ಕಳಿಸುತ್ತಿದ್ದ ಪ್ರಯಾಣಿಕ ವಿಮಾನಗಳ ವರದಿಗಳು ಸರಾಸರಿ ಮುಕ್ಕಾಲು ಭಾಗದಷ್ಟು ಕುಸಿದವು ಎಂದು ವಿಶ್ವ ಹವಾಮಾನ ಸಂಘಟನೆ ತಿಳಿಸಿತ್ತು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು ಸಿಬ್ಬಂದಿ ಕೊರತೆಯಿಂದಾಗಿ ಹಲವು ಕೇಂದ್ರಗಳಲ್ಲಿ, ದಿನಕ್ಕೆರಡು ಬಾರಿ ಹಾರಿಬಿಡುತ್ತಿದ್ದ ಬಲೂನುಗಳನ್ನು ಕಡಿಮೆ ಮಾಡಿತು ಅಥವಾ ನಿಲ್ಲಿಸಿತು. ವಾತಾವರಣದ ಪದರಗಳಲ್ಲಿ ಎಷ್ಟೆತ್ತರದವರೆಗೆ ತೇವವಿದೆ, ಎಲ್ಲಿ ಬಿಸಿ ಗಾಳಿ ಮುಚ್ಚಳದಂತೆ ಕೂತಿದೆ ಎಂಬುದನ್ನು ನೇರವಾಗಿ ಅಳೆಯುವುದು ಈ ಬಲೂನುಗಳೇ. ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವವರು ಇವುಗಳ ರೇಖಾಚಿತ್ರವನ್ನು ಬೆಳಿಗ್ಗೆ ಎದ್ದೊಡನೆ ನೋಡುತ್ತಾರೆ. ಎಂಜಿನ್ ಇರುವ ವಿಮಾನಗಳ ಪೈಲಟ್‌ಗಳಲ್ಲಿ ಆ ರೂಢಿ ಅಷ್ಟಿಲ್ಲ, ಇದ್ದರೆ ಒಳ್ಳೆಯದಿತ್ತು.

ಹೊರಡುವ ದಿನ ಹತ್ತಿರವಾದಂತೆ ಮಾದರಿಗಳನ್ನು ಬದಿಗಿಟ್ಟು ವಿಮಾನಯಾನಕ್ಕೆಂದೇ ಸಿದ್ಧವಾದ ವರದಿಗಳತ್ತ ತಿರುಗಬೇಕು. ಇವುಗಳಲ್ಲಿ ಮೊದಲನೆಯದು ಮೆಟಾರ್, ಅಂದರೆ ನಿಲ್ದಾಣದಲ್ಲಿ ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ಅಳೆದು ಹೊರಡಿಸುವ ವರದಿ. ಎರಡನೆಯದು ಟ್ಯಾಫ್, ಅಂದರೆ ಅದೇ ನಿಲ್ದಾಣಕ್ಕೆ ಮುನ್ಸೂಚಕರು ಬರೆಯುವ, 6ರಿಂದ 30 ಗಂಟೆಗಳವರೆಗಿನ ಮುನ್ಸೂಚನೆ. ಟೆಲಿಪ್ರಿಂಟರ್ ಕಾಲದ ಮಿತವ್ಯಯದಿಂದ ಹುಟ್ಟಿದ ಇವುಗಳ ಸಂಕೇತ ಭಾಷೆಯನ್ನು ಇಂದು ಆ್ಯಪ್‌ಗಳು ಸರಳ ವಾಕ್ಯಗಳಾಗಿ ಬಿಡಿಸಿ ಕೊಡುತ್ತವೆ. ಮೂಲ ಸಂಕೇತವನ್ನೇ ಓದಲು ಕಲಿಯಬೇಕು ಎಂಬ ಹಳೆಯ ಬೋಧಕರ ಹಟ ಕಂದಾಚಾರದಂತೆ ಕಾಣಬಹುದು, ಆದರೆ ಅದರಲ್ಲಿ ಹುರುಳಿದೆ. ಸಂಕೇತದ ಪ್ರತಿ ಪದಕ್ಕೂ ಕರಾರುವಾಕ್ಕಾದ ವ್ಯಾಖ್ಯೆ ಇದೆ, ಬಿಡಿಸಿದ ವಾಕ್ಯದಲ್ಲಿ ಅದು ಸವೆದುಹೋಗುತ್ತದೆ.

ಕೆಲವು ಉದಾಹರಣೆಗಳನ್ನು ನೋಡಬಹುದು. ಟ್ಯಾಫ್‌ನಲ್ಲಿ ಬರುವ ಟೆಂಪೊ ಎಂಬ ಪದ ತಾತ್ಕಾಲಿಕ ಎಂಬ ಸಡಿಲ ಅರ್ಥದ್ದಲ್ಲ. ಹೇಳಿದ ಬದಲಾವಣೆ ಪ್ರತಿ ಬಾರಿ ಒಂದು ಗಂಟೆಗಿಂತ ಕಡಿಮೆ ಕಾಲ ಇದ್ದು, ಒಟ್ಟು ಸೇರಿದರೆ ಆ ಅವಧಿಯ ಅರ್ಧಕ್ಕಿಂತ ಕಡಿಮೆ ಇರುತ್ತದೆ ಎಂಬುದು ಅದರ ಅರ್ಥ. ಹೀಗಾಗಿ ನಾಲ್ಕು ಗಂಟೆಗಳ ಅವಧಿಯಲ್ಲಿ ಎರಡು ಗಂಟೆಗೆ ಸಮೀಪದಷ್ಟು ಕಾಲ ಕೆಟ್ಟ ಹವಾಮಾನ ಇರಬಹುದು ಎಂಬುದನ್ನೂ ಅದು ಹೇಳುತ್ತಿದೆ. ಎಚ್ಚರದ ಪೈಲಟ್‌ಗಳು ಟೆಂಪೊ ಎಂದಿದ್ದನ್ನು ತಾವು ತಲುಪುವ ಹೊತ್ತಿಗೇ ಇರುತ್ತದೆ ಎಂದುಕೊಂಡು ಇಂಧನ ತುಂಬಿಸುತ್ತಾರೆ. ಸಂಭಾವ್ಯತೆಯನ್ನು ಹೇಳುವ ಪ್ರಾಬ್ ಎಂಬ ಪದದ ಮುಂದೆ 30 ಅಥವಾ 40 ಮಾತ್ರ ಬರುತ್ತದೆ. ಅದಕ್ಕಿಂತ ಕಡಿಮೆಯಾದರೆ ಬರೆಯುವಷ್ಟು ಮಹತ್ವದ್ದಲ್ಲ, ಅರ್ಧಕ್ಕೇರಿದರೆ ಅದನ್ನು ಸಂಭಾವ್ಯತೆಯಾಗಿ ಅಲ್ಲ, ಮುನ್ಸೂಚನೆಯಾಗಿಯೇ ಬರೆಯಬೇಕು ಎಂಬುದು ನಿಯಮ. ಪ್ರಾಬ್ 30 ಎಂಬುದನ್ನು ನೋಡಿ ಶೇಕಡ ಎಪ್ಪತ್ತು ಅನುಕೂಲವಿದೆ ಎಂದು ಸಮಾಧಾನಪಡುವುದಕ್ಕಿಂತ, ಬರೆಯಲೇಬೇಕೆಂದು ಮುನ್ಸೂಚಕರಿಗೆ ಅನ್ನಿಸಿದೆ ಎಂದು ಓದುವುದು ಲೇಸು.

ಎತ್ತರಗಳಲ್ಲೂ ಇಂಥ ಗೊಂದಲವಿದೆ. ಮೆಟಾರ್ ಮತ್ತು ಟ್ಯಾಫ್‌ನಲ್ಲಿ ಮೋಡದ ತಳವನ್ನು ನಿಲ್ದಾಣದ ನೆಲದಿಂದ ಅಳೆದು ಹೇಳುತ್ತಾರೆ, ಆದರೆ ಪೈಲಟ್ ಮಾರ್ಗದಲ್ಲಿ ಹಾರುವುದು ಸಮುದ್ರ ಮಟ್ಟದಿಂದ ಅಳೆದ ಎತ್ತರದಲ್ಲಿ. ಬಯಲಿನ ನಿಲ್ದಾಣದಲ್ಲಿ 2,500 ಅಡಿಯಲ್ಲಿ ತೇಲುವ ಮೋಡ, ಅಲ್ಲಿಂದ ಮುವ್ವತ್ತು ಮೈಲಿ ಆಚೆ 2,000 ಅಡಿ ಏರಿದ ಗುಡ್ಡದ ತಲೆಯ ಮೇಲೆ ಹೆಚ್ಚೆಂದರೆ 500 ಅಡಿ ಬಿಟ್ಟಿರುತ್ತದೆ. ಎರಡು ನಿಲ್ದಾಣಗಳ ವರದಿಗಳೂ ಹಸಿರು ಬಣ್ಣದಲ್ಲಿ ಮಿನುಗುತ್ತಿರುವಾಗ ನಡುವಿನ ಕಣಿವೆ ಮುಚ್ಚಿಹೋಗಿರುವುದು ಸಾಧ್ಯ. ಟ್ಯಾಫ್ ನಿಲ್ದಾಣದ ಸುತ್ತಲಿನ ಸುಮಾರು 8 ಕಿಲೋಮೀಟರ್‌ಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಪಠ್ಯದಲ್ಲಿ ಓದುವಾಗ ಎಲ್ಲರಿಗೂ ಗೊತ್ತಿರುತ್ತದೆ, ನಕ್ಷೆಯ ಮೇಲೆ ಸಾಲಾಗಿ ಹಸಿರು ಚುಕ್ಕೆಗಳು ಕಂಡಾಗ ಮರೆತುಹೋಗುತ್ತದೆ.

ಮೆಟಾರ್ ಅಳೆದ ಸತ್ಯ, ಹಾಗಾಗಿ ಪ್ರಶ್ನಾತೀತ ಎಂದು ತಿಳಿಯುವವರು ಅದನ್ನು ಅಳೆಯುವ ಯಂತ್ರದ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು. ಹಿಂದೆ ವೀಕ್ಷಕರೊಬ್ಬರು ಹೊರಗೆ ಬಂದು ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿ, ಎಷ್ಟು ಭಾಗ ಮೋಡ, ಯಾವ ಗುಡ್ಡ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ಬರೆಯುತ್ತಿದ್ದರು. ಈಗ ಬಹಳ ಕಡೆ ಆ ಕೆಲಸ ಯಂತ್ರದ್ದು. ಮೋಡದ ತಳವನ್ನು ಅಳೆಯುವ ಲೇಸರ್ ನೆಟ್ಟಗೆ ಮೇಲಕ್ಕೆ ಮಾತ್ರ ನೋಡುತ್ತದೆ. ಅಮೆರಿಕದ ಎಸಾಸ್ ಎಂಬ ಸ್ವಯಂಚಾಲಿತ ಕೇಂದ್ರಗಳಲ್ಲಿ ಹಿಂದಿನ 30 ನಿಮಿಷ ತಲೆಯ ಮೇಲೆ ಹಾದುಹೋದ ಮೋಡಗಳನ್ನು ಲೆಕ್ಕ ಹಾಕಿ, ಕೊನೆಯ 10 ನಿಮಿಷಕ್ಕೆ ಇಮ್ಮಡಿ ತೂಕ ಕೊಟ್ಟು, ಆಕಾಶದ ಎಷ್ಟು ಭಾಗ ಮುಚ್ಚಿದೆ ಎಂದು ಯಂತ್ರ ಅಂದಾಜಿಸುತ್ತದೆ. ಮೋಡಗಳು ಗಾಳಿಯೊಂದಿಗೆ ಸಾಗುತ್ತಿದ್ದರೆ ಈ ಉಪಾಯ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಗಾಳಿಯಿಲ್ಲದ ಬೆಳಿಗ್ಗೆ ರನ್‌ವೇಯ ಒಂದು ತುದಿಯಲ್ಲಿ ಮಂಜಿನ ದಂಡೆ ನಿಂತಿದ್ದು, ಯಂತ್ರ ಇನ್ನೊಂದು ತುದಿಯಲ್ಲಿದ್ದರೆ, ಅದರ ಪಾಲಿಗೆ ಆಕಾಶ ನಿರ್ಮಲ. ಗೋಚರತೆಯ ಯಂತ್ರವೂ ತನ್ನ ಎರಡು ತೋಳುಗಳ ನಡುವಿನ ಅಂಗೈಯಗಲದ ಗಾಳಿಯಲ್ಲಿ ಬೆಳಕು ಎಷ್ಟು ಚದುರುತ್ತದೆ ಎಂಬುದನ್ನು ಅಳೆದು ಮೈಲಿಗಳ ಲೆಕ್ಕ ಕೊಡುತ್ತದೆ. ಅದು ಸುಳ್ಳು ಹೇಳುವುದಿಲ್ಲ, ತಾನಿರುವ ಜಾಗದ ಸತ್ಯವನ್ನಷ್ಟೇ ಹೇಳುತ್ತದೆ.

ಈ ಯಂತ್ರಗಳಿಗೆ ಪೂರಕವಾಗಿ ಬಂದಿರುವ ಸಾಧನಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಬಹಳ ಸರಳವಾದದ್ದು. ಬಹಳಷ್ಟು ಊರುಗಳಿಗೆ ರಸ್ತೆಯೇ ಇಲ್ಲದ, ಸಣ್ಣ ವಿಮಾನವೇ ಬಸ್ಸಾಗಿರುವ ಅಲಾಸ್ಕಾದಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು 1999ರಲ್ಲಿ ಬೆಟ್ಟದ ಕಣಿವೆಗಳಿಗೆ ಎದುರಾಗಿ ಕ್ಯಾಮೆರಾಗಳನ್ನು ನಿಲ್ಲಿಸುವ ಯೋಜನೆಯನ್ನು ಆರಂಭಿಸಿತು. ಹತ್ತು ನಿಮಿಷಕ್ಕೊಂದು ಚಿತ್ರ ಬರುತ್ತದೆ. ಅದರ ಪಕ್ಕದಲ್ಲಿ ಅದೇ ಜಾಗದ, ಆಕಾಶ ತಿಳಿಯಾಗಿದ್ದ ದಿನದ ಚಿತ್ರವಿದ್ದು, ಯಾವ ಶಿಖರ ಎಷ್ಟೆತ್ತರ, ಎಷ್ಟು ದೂರ ಎಂದು ಗುರುತು ಹಾಕಿರುತ್ತಾರೆ. ಎರಡನ್ನೂ ಹೋಲಿಸಿದರೆ ಯಾವ ಗುಡ್ಡ ಕಾಣೆಯಾಗಿದೆ ಎಂಬುದು ತಟ್ಟನೆ ತಿಳಿಯುತ್ತದೆ. ಹಳೆಯ ಕಾಲದ ವೀಕ್ಷಕರು ಮಾಡುತ್ತಿದ್ದ ಕೆಲಸವೇ ಇದು, ಈಗ ಅದನ್ನು ಪೈಲಟ್ ಮನೆಯಲ್ಲಿ ಕುಳಿತು ಮಾಡಬಹುದು.

ವೀಕ್ಷಕರಂತೆಯೇ ಹಿಂದೆ ಸರಿಯುತ್ತಿರುವ ಇನ್ನೊಬ್ಬರು ಹವಾಮಾನ ವಿವರಣೆ ಕೊಡುವ ಸಿಬ್ಬಂದಿ. ದೂರವಾಣಿಯಲ್ಲಿ ಮಾರ್ಗವನ್ನು ಹೇಳಿದರೆ ಅವರು ನಕ್ಷೆಗಳನ್ನು ಮುಂದಿಟ್ಟುಕೊಂಡು ಮಾತಾಡುತ್ತಿದ್ದರು. ಪರಿಸ್ಥಿತಿ ಕೆಟ್ಟಿದ್ದರೆ ದೃಶ್ಯ ಹಾರಾಟವನ್ನು ಶಿಫಾರಸು ಮಾಡುವುದಿಲ್ಲ ಎಂಬ ನಿಗದಿತ ಮಾತನ್ನು ಸ್ಪಷ್ಟವಾಗಿ ಹೇಳುತ್ತಿದ್ದರು. ಅಮೆರಿಕದಲ್ಲಿ 2005ರಲ್ಲಿ ಇಂಥ 58 ಕೇಂದ್ರಗಳ ಸೇವೆಯನ್ನು ಖಾಸಗಿ ಗುತ್ತಿಗೆಗೆ ವಹಿಸಿ, ಅವನ್ನು ಬೆರಳೆಣಿಕೆಯ ಕೇಂದ್ರಗಳಿಗೆ ಕುಗ್ಗಿಸಲಾಯಿತು. 2021ರಲ್ಲಿ ಅಲ್ಲಿನ ವಿಮಾನಯಾನ ಆಡಳಿತವೇ ಪೈಲಟ್‌ಗಳು ಸ್ವತಃ ಮಾಹಿತಿ ಕಲೆಹಾಕಿ ಸಿದ್ಧರಾಗುವುದನ್ನು ಪ್ರೋತ್ಸಾಹಿಸುವ ಮಾರ್ಗದರ್ಶಿಯನ್ನು ಹೊರಡಿಸಿತು. ಇದನ್ನು ವೆಚ್ಚ ಉಳಿಸುವ ಹುನ್ನಾರವೆಂದು ತಳ್ಳಿಹಾಕುವಂತಿಲ್ಲ. ಪೈಲಟ್ ತಾನೇ ನಕ್ಷೆ ನೋಡಿದರೆ ಚಿತ್ರ ಮನಸ್ಸಿನಲ್ಲಿ ಹೆಚ್ಚು ಚೆನ್ನಾಗಿ ಕೂರುತ್ತದೆ ಎಂಬುದು ಸರಿಯಾದ ವಾದ. ಆದರೆ ದೂರವಾಣಿಯ ಆಚೆ ಇದ್ದವರಿಗೆ ಆ ಪ್ರಯಾಣದಲ್ಲಿ ಯಾವ ಆಸೆಯೂ ಇರುತ್ತಿರಲಿಲ್ಲ ಎಂಬ ಅನುಕೂಲ ಇದರಲ್ಲಿ ಕಳೆದುಹೋಯಿತು. ಮದುವೆಗೆ ಹೋಗಬೇಕಾದವರು ಮದುವೆಗೆ ಹೋಗಬೇಕೆಂಬ ಕಣ್ಣಿನಿಂದಲೇ ನಕ್ಷೆ ಓದುತ್ತಾರೆ.

ಹಾರಾಟ ಆರಂಭವಾದ ಮೇಲೆ ಪರದೆಯ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಹಿಂದೆ ಮೇಲೇರಿದ ಪೈಲಟ್‌ಗೆ ರೇಡಿಯೊ ಒಂದೇ ಆಸರೆಯಾಗಿತ್ತು. ಈಗ ಅಮೆರಿಕದಲ್ಲಿ ನೆಲದ ಗೋಪುರಗಳಿಂದ ಉಚಿತವಾಗಿ ಪ್ರಸಾರವಾಗುವ ಮಾಹಿತಿಯನ್ನು ಒಂದು ಪುಟ್ಟ ಗ್ರಾಹಕ ಪೆಟ್ಟಿಗೆ ಹಿಡಿದು ಟ್ಯಾಬ್ಲೆಟ್‌ಗೆ ಕೊಡುತ್ತದೆ. ಉಪಗ್ರಹದಿಂದ ಹಣ ಕೊಟ್ಟು ಪಡೆಯುವ ಸೇವೆಗಳೂ ಇವೆ. ಹೀಗೆ ಬರುವ ರಾಡಾರ್ ಚಿತ್ರ ಆಕರ್ಷಕವಾದದ್ದು ಮತ್ತು ಅಷ್ಟೇ ಮೋಸದ್ದು. ಹಲವು ರಾಡಾರ್‌ಗಳು ಆಕಾಶವನ್ನು ಸುತ್ತಿ ನೋಡಲು ಸಮಯ ಬೇಕು, ಅವುಗಳನ್ನು ಹೊಲಿದು ಒಂದು ನಕ್ಷೆ ಮಾಡಲು ಸಮಯ ಬೇಕು, ಅದನ್ನು ಪ್ರಸಾರ ಮಾಡಲು ಇನ್ನೊಂದಿಷ್ಟು ಸಮಯ ಬೇಕು. ಪರದೆಯಲ್ಲಿ ಒಂದು ನಿಮಿಷ ಹಳೆಯದು ಎಂದು ತೋರಿಸುವ ಅಂಕಿ ನಕ್ಷೆ ಹೊಲಿದು ಮುಗಿದ ಹೊತ್ತಿನಿಂದ ಲೆಕ್ಕವಾಗುತ್ತದೆ, ರಾಡಾರ್ ನೋಡಿದ ಹೊತ್ತಿನಿಂದ ಅಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2012ರ ಜೂನ್‌ನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಚಿತ್ರದಲ್ಲಿರುವ ಹವಾಮಾನ ಪರದೆ ಹೇಳುವ ವಯಸ್ಸಿಗಿಂತ 15ರಿಂದ 20 ನಿಮಿಷಗಳಷ್ಟು ಹಳೆಯದಾಗಿರಬಹುದು ಎಂದು ಸ್ಪಷ್ಟವಾಗಿ ಹೇಳಿತು. ಮಾರಕ ಅಪಘಾತಗಳನ್ನು ತನಿಖೆ ಮಾಡಿದ ನಂತರ ಬಂದ ಮಾತು ಅದು.

ಹದಿನೈದು ನಿಮಿಷದಲ್ಲಿ ಏನಾಗುತ್ತದೆ? ಗಂಟೆಗೆ 30 ನಾಟಿಕಲ್ ಮೈಲಿ ಸಾಗುವ ಗುಡುಗು ಮೋಡ ಏಳೂವರೆ ಮೈಲಿ ಸರಿದಿರುತ್ತದೆ, 120 ನಾಟ್ ವೇಗದ ವಿಮಾನ 30 ಮೈಲಿ ಕ್ರಮಿಸಿರುತ್ತದೆ. ಹುಟ್ಟಿದ ಗುಡುಗು ಮೋಡವೊಂದು ಬೆಳೆದು, ಸುರಿದು, ಕರಗಿಹೋಗಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕಾಗುವುದರಿಂದ, ಪರದೆಯಲ್ಲಿ ಖಾಲಿಯಾಗಿ ಕಾಣುವ ಎರಡು ಕೆಂಪು ತೇಪೆಗಳ ನಡುವಿನ ಓಣಿ ಈಗಾಗಲೇ ಮುಚ್ಚಿರಬಹುದು. ಹಾಗಾಗಿಯೇ ಬೋಧಕರು ಈ ಚಿತ್ರವನ್ನು ಮೋಡಗಳ ಇಡೀ ಸಾಲನ್ನು ದೂರದಿಂದ ಸುತ್ತಿ ಹೋಗುವುದಕ್ಕೆ ಬಳಸಿ, ಸಾಲಿನ ನಡುವೆ ನುಸುಳುವುದಕ್ಕೆ ಬಳಸಬೇಡಿ ಎನ್ನುತ್ತಾರೆ. ತೀವ್ರ ಗುಡುಗು ಮಳೆಯಿಂದ ಕನಿಷ್ಠ 20 ಮೈಲಿ ದೂರ ಇರಬೇಕೆಂಬ ಅಧಿಕೃತ ಸಲಹೆಯನ್ನು ಹೀಗೆ ಹಳತಾದ ಚಿತ್ರದ ಅಂಚಿನಿಂದ ಅಳೆದರೆ ಆ ಇಪ್ಪತ್ತೂ ಉಳಿಯುವುದಿಲ್ಲ.

ರಾಡಾರ್‌ಗೆ ಮತ್ತೊಂದು ಕುರುಡೂ ಇದೆ. ಅದು ಮಳೆ ಹನಿಯನ್ನು ಕಾಣುತ್ತದೆ, ಮಂಜನ್ನೂ ಮಳೆ ಸುರಿಸದ ತೆಳು ಮೋಡವನ್ನೂ ಸಾಮಾನ್ಯವಾಗಿ ಕಾಣುವುದಿಲ್ಲ. ಭೂಮಿ ಗುಂಡಗಿರುವುದರಿಂದ ಅದರ ಕಿರಣ ದೂರ ಹೋದಂತೆ ನೆಲದಿಂದ ಮೇಲೇಳುತ್ತದೆ, 100 ನಾಟಿಕಲ್ ಮೈಲಿ ದೂರದಲ್ಲಿ ಅತಿ ಕೆಳಗಿನ ಕಿರಣವೂ ಮೂರೂವರೆ ಕಿಲೋಮೀಟರ್‌ನಷ್ಟು ಎತ್ತರದಲ್ಲಿರುತ್ತದೆ. ಅದರ ಕೆಳಗೆ ಜಿನುಗುವ ಮಳೆಯೂ ತೂಗುವ ಮೋಡವೂ ನಕ್ಷೆಗೆ ಬರುವುದಿಲ್ಲ. ಬಣ್ಣವಿಲ್ಲದ ಜಾಗವನ್ನು ಒಳ್ಳೆಯ ಹವಾಮಾನ ಎಂದು ಓದುವುದು ವಿಎಫ್‌ಆರ್ ಪೈಲಟ್‌ಗೆ ಗುಡುಗಿನಷ್ಟೇ ಅಪಾಯಕಾರಿ.

ಇಷ್ಟೆಲ್ಲ ಸಾಧನಗಳ ನಡುವೆ ವಯಸ್ಸೂ ಸ್ಥಳವೂ ನಿಖರವಾಗಿರುವ ಮಾಹಿತಿ ಎಂದರೆ ಅದೇ ದಾರಿಯಲ್ಲಿ ಈಗಷ್ಟೇ ಹಾರಿದ ಮತ್ತೊಬ್ಬ ಪೈಲಟ್ ಹೇಳುವ ಮಾತು. ಪೈರೆಪ್ ಎಂದು ಕರೆಯುವ ಈ ವರದಿಗಳಲ್ಲಿ ಮೋಡದ ಮೇಲ್ಮೈ ಎಷ್ಟೆತ್ತರದಲ್ಲಿದೆ, ಯಾವ ಎತ್ತರದಲ್ಲಿ ರೆಕ್ಕೆಗೆ ಹಿಮ ಹಿಡಿಯಿತು, ಎಲ್ಲಿ ವಿಮಾನ ಕುಲುಕಿತು ಎಂಬ ವಿವರಗಳಿರುತ್ತವೆ. ನೆಲದ ಯಂತ್ರಗಳು ಇವನ್ನು ಅಳೆಯಲಾರವು. ಸುರಕ್ಷತಾ ಮಂಡಳಿಯು 2017ರಲ್ಲಿ ಈ ವರದಿಗಳ ಬಗ್ಗೆಯೇ ವಿಶೇಷ ಅಧ್ಯಯನವೊಂದನ್ನು ಪ್ರಕಟಿಸಿ, ಅವು ಸಲ್ಲಿಕೆಯಾಗುವ ಮತ್ತು ಹಂಚಿಕೆಯಾಗುವ ಕ್ರಮ ಸುಧಾರಿಸಬೇಕೆಂದು ಹೇಳಿತು. ಪೈಲಟ್‌ಗಳು ಕೆಟ್ಟದ್ದನ್ನು ಕಂಡಾಗ ವರದಿ ಮಾಡುತ್ತಾರೆ, ಎಲ್ಲ ಸರಿಯಿದ್ದಾಗ ಸುಮ್ಮನಿರುತ್ತಾರೆ. ಮುನ್ಸೂಚನೆಯಲ್ಲಿದ್ದ ಮೋಡ ಅಲ್ಲಿರಲಿಲ್ಲ ಎಂಬ ಮಾತೂ ಮುನ್ಸೂಚಕರಿಗೆ ಅಷ್ಟೇ ಬೇಕಾದ ಮಾತು.

ಪರದೆಯ ಹೊರಗೆ ಪೈಲಟ್ ತಾನೇ ಮಾಡಬಹುದಾದ ಸಣ್ಣ ಲೆಕ್ಕಗಳೂ ಇವೆ. ಗಾಳಿಯ ಉಷ್ಣತೆ ಮತ್ತು ಅದರ ತೇವ ಹನಿಗಟ್ಟಲು ತೊಡಗುವ ಉಷ್ಣತೆಯಾದ ಇಬ್ಬನಿ ಬಿಂದು, ಇವೆರಡರ ನಡುವಿನ ಪ್ರತಿ ಒಂದು ಡಿಗ್ರಿ ಸೆಲ್ಸಿಯಸ್ ಅಂತರಕ್ಕೆ ಸುಮಾರು 125 ಮೀಟರ್, ಅಂದರೆ 400 ಅಡಿ, ಎಂದು ಹಿಡಿದರೆ ಹಗಲಿನ ಹತ್ತಿಯಂಥ ಮೋಡಗಳ ತಳ ಸಿಗುತ್ತದೆ. ಸಂಜೆ ಆ ಅಂತರ ಎರಡು ಮೂರು ಡಿಗ್ರಿಗೆ ಇಳಿದು, ಗಾಳಿ ನಿಂತು, ಆಕಾಶ ತಿಳಿಯಾಗಿದ್ದರೆ ರಾತ್ರಿ ಕಳೆಯುವುದರೊಳಗೆ ಮಂಜು ಕವಿಯುವ ಸಾಧ್ಯತೆ ಹೆಚ್ಚು. ತೇವ ತುಂಬಿದ ಗಾಳಿಯಲ್ಲಿ ಹೊರಗೆ 20 ಡಿಗ್ರಿ ಇದ್ದಾಗಲೂ ಕಾರ್ಬ್ಯುರೇಟರ್‌ನೊಳಗೆ ಹಿಮ ಕಟ್ಟಿ ಎಂಜಿನ್ ಸೊರಗಬಹುದು, ಹವಾಮಾನ ನಕ್ಷೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ಯಾವ ಗುರುತೂ ಇರುವುದಿಲ್ಲ. ಬಿಸಿಲೇರಿದ ದಿನ ಎತ್ತರದ ನಿಲ್ದಾಣದಲ್ಲಿ ಗಾಳಿ ತೆಳುವಾಗಿ, ವಿಮಾನ ತಾನಿರುವುದಕ್ಕಿಂತ ಸಾವಿರಾರು ಅಡಿ ಮೇಲಿರುವಂತೆ ವರ್ತಿಸುತ್ತದೆ. ಇವೆಲ್ಲ ಹಳೆಯ ಪಾಠಗಳು, ಹೆಚ್ಚು ಹೇಳಬೇಕಾಗಿಲ್ಲ.

ಹೆಚ್ಚು ಹೇಳಬೇಕಾದದ್ದು ಮರಳುವ ನಿರ್ಧಾರದ ಬಗ್ಗೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ಹಾರಾಟದ ಅನುಭವವಿಲ್ಲದ 20 ಮಂದಿಯನ್ನು ಬೋಧಕರ ಜೊತೆ ಹಾರಿಸಿ, ಹೊರಗಿನ ನೋಟವನ್ನು ಮರೆಮಾಡಿ ನೋಡಲಾಯಿತು. ಇಪ್ಪತ್ತೂ ಮಂದಿ ಹಿಡಿತ ಕಳೆದುಕೊಂಡರು, ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡ್. ಈ ಅಂಕಿ ಪೈಲಟ್‌ಗಳ ನಡುವೆ ನಾಣ್ಣುಡಿಯಂತೆ ಹಬ್ಬಿದೆ. ಅದೇ ಪ್ರಯೋಗದ ಉಳಿದರ್ಧ ಅಷ್ಟು ಹಬ್ಬಿಲ್ಲ: ಸುತ್ತು ಹಾಕಿ ಬಂದ ದಾರಿಗೆ ಮರಳುವ ಒಂದು ಸರಳ ವಿಧಾನವನ್ನು ಕಲಿಸಿದ ಮೇಲೆ ಅವರು ಬಹುತೇಕ ಪ್ರತಿ ಬಾರಿಯೂ ಯಶಸ್ವಿಯಾದರು. ಪ್ರಯೋಗ ನಡೆಸಿದ್ದೇ ಅದಕ್ಕಾಗಿ.

ಹಾಗಾದರೆ ಪೈಲಟ್‌ಗಳು ಮರಳುವುದಿಲ್ಲವೇಕೆ? ಗುರಿ ಹತ್ತಿರವಾದಷ್ಟೂ ಬಿಟ್ಟುಕೊಡಲು ಮನಸ್ಸು ಬಾರದು ಎಂಬುದು ವಾಡಿಕೆಯ ಉತ್ತರ. 2002ರಲ್ಲಿ ಡಗ್ಲಾಸ್ ವೀಗ್ಮನ್ ಮತ್ತು ಸಂಗಡಿಗರು ಹಾರಾಟದ ಸಿಮ್ಯುಲೇಟರ್‌ನಲ್ಲಿ ನಡೆಸಿದ ಅಧ್ಯಯನ ಇದಕ್ಕೆ ವಿರುದ್ಧವಾದದ್ದನ್ನು ತೋರಿಸಿತು. ಪ್ರಯಾಣದ ಆರಂಭದಲ್ಲೇ ಕೆಟ್ಟ ಹವಾಮಾನ ಎದುರಾದವರು, ಕೊನೆಯ ಭಾಗದಲ್ಲಿ ಎದುರಾದವರಿಗಿಂತ ಹೆಚ್ಚು ದೂರ ಅದರೊಳಗೆ ಸಾಗಿದರು, ಮತ್ತು ಎದುರಿನ ಸ್ಥಿತಿಯನ್ನು ಇದ್ದುದಕ್ಕಿಂತ ಒಳ್ಳೆಯದೆಂದು ಅಂದಾಜಿಸಿದರು. ಅಂದರೆ ಅವರು ಅಪಾಯವನ್ನು ಕಂಡೂ ಮುಂದುವರಿದರು ಎನ್ನುವುದಕ್ಕಿಂತ, ಅದನ್ನು ಸರಿಯಾಗಿ ಅಳೆಯಲಿಲ್ಲ ಎನ್ನುವುದು ಹತ್ತಿರದ ಮಾತು. ಸ್ವಲ್ಪ ಹೊತ್ತಿನ ಹಿಂದೆ ಓದಿಬಂದ ಒಳ್ಳೆಯ ವರದಿ ಕಿಟಕಿಯಾಚೆ ಮಸುಕಾಗುತ್ತಿರುವ ಗುಡ್ಡಕ್ಕಿಂತ ಬಲವಾಗಿ ಮನಸ್ಸಿನಲ್ಲಿ ಕೂತಿರುತ್ತದೆ ಎಂಬುದು ಇದಕ್ಕೆ ನಾನು ಕೊಡುವ ವಿವರಣೆ.

1999ರ ಜುಲೈ 16ರ ರಾತ್ರಿ ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ಹಾರಿಸುತ್ತಿದ್ದ ವಿಮಾನದೊಂದಿಗೆ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು, ಪತ್ನಿ ಮತ್ತು ಪತ್ನಿಯ ಅಕ್ಕನೊಡನೆ ತೀರಿಕೊಂಡ ಅಪಘಾತವನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಅವರು ಹೊರಡುವ ಮುನ್ನ ಹವಾಮಾನದ ಮಾಹಿತಿ ಪಡೆದಿದ್ದರು, ಅದು ದೃಶ್ಯ ಹಾರಾಟಕ್ಕೆ ಅನುಕೂಲವೆಂದೇ ಹೇಳುತ್ತಿತ್ತು, ನಿಲ್ದಾಣಗಳ ವರದಿಗಳೂ ಕಾನೂನಿನ ಮಿತಿಗಿಂತ ಮೇಲಿದ್ದವು. ಆದರೆ ಆ ರಾತ್ರಿ ಅದೇ ಪ್ರದೇಶದಲ್ಲಿ ಹಾರಿದ ಇತರ ಪೈಲಟ್‌ಗಳು ನೀರಿನ ಮೇಲೆ ಕಾವಳದಲ್ಲಿ ದಿಗಂತವೇ ಕಾಣುತ್ತಿರಲಿಲ್ಲ ಎಂದು ತನಿಖೆಯಲ್ಲಿ ಹೇಳಿದರು. ದಿಕ್ಕು ತಪ್ಪಿದ ದೇಹಪ್ರಜ್ಞೆಯಿಂದ ವಿಮಾನದ ಹಿಡಿತ ಕಳೆದುಹೋಯಿತು, ಕಾವಳ ಮತ್ತು ಕತ್ತಲೆ ಅದಕ್ಕೆ ಪೂರಕವಾದವು ಎಂದು ತನಿಖೆ ತೀರ್ಮಾನಿಸಿತು. ದೀಪಗಳಿಲ್ಲದ ನೀರಿನ ಮೇಲೆ ಗೋಚರತೆ ಎಷ್ಟು ಮೈಲಿ ಎಂಬ ಅಂಕಿ ಇದ್ದೂ, ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲದಿರಬಹುದು. ಯಾವ ಮೆಟಾರ್‌ನಲ್ಲೂ ದಿಗಂತ ಕಾಣುತ್ತದೆಯೇ ಎಂಬ ಕಾಲಂ ಇಲ್ಲ.

ಆದ್ದರಿಂದ ಅನುಭವಿಗಳು ಹೊರಡುವ ಮುನ್ನವೇ, ನೆಲದ ಮೇಲೆ ಕುಳಿತಿರುವಾಗಲೇ, ನಕ್ಷೆಯಲ್ಲಿ ಕೆಲವು ಜಾಗಗಳನ್ನು ಗುರುತಿಸಿಕೊಳ್ಳುತ್ತಾರೆ. ಈ ಸೇತುವೆಯ ಹತ್ತಿರ ಮೋಡದ ತಳ ಇಷ್ಟಕ್ಕಿಂತ ಕೆಳಗಿದ್ದರೆ, ಅಥವಾ ಆಚೆಯ ಬೆಟ್ಟದ ಸಾಲು ಕಾಣದಿದ್ದರೆ, ಎಡಕ್ಕೆ ತಿರುಗಿ ಇಂಥ ನಿಲ್ದಾಣದಲ್ಲಿ ಇಳಿಯುತ್ತೇನೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಈ ವೈಯಕ್ತಿಕ ಮಿತಿಗಳು ಕಾನೂನಿನ ಮಿತಿಗಿಂತ ಮೇಲಿರುತ್ತವೆ, ಅನುಭವ ಕಡಿಮೆಯಿದ್ದಷ್ಟೂ ಇನ್ನೂ ಮೇಲಿರುತ್ತವೆ. ಮುಂದಿನ ನಿಲ್ದಾಣದ ವರದಿಯನ್ನು ದಾರಿಯಲ್ಲಿ ರೇಡಿಯೊದಿಂದ ಮತ್ತೆ ಮತ್ತೆ ಕೇಳಿ, ಟ್ಯಾಫ್ ಹೇಳಿದ್ದಕ್ಕೆ ಹೋಲಿಸುತ್ತಾರೆ. ಮೊದಲ ಗಂಟೆಯಲ್ಲೇ ಮುನ್ಸೂಚನೆ ತಪ್ಪಿದ್ದರೆ ಮೂರನೆಯ ಗಂಟೆಗೆ ಅದನ್ನು ನಂಬಲು ಕಾರಣವಿಲ್ಲ. ಹಿಂದೆ ಬಿಟ್ಟುಬಂದ ನಿಲ್ದಾಣದ ವರದಿಯನ್ನೂ ಕೇಳುತ್ತಿರುವವರು ಕಡಿಮೆ, ಆದರೆ ಮರಳುವ ದಾರಿ ಇನ್ನೂ ತೆರೆದಿದೆಯೇ ಎಂಬುದನ್ನು ತಿಳಿಯಲು ಬೇರೆ ಉಪಾಯವಿಲ್ಲ.

ಕೆಲವರಲ್ಲಿ ಇನ್ನೊಂದು ರೂಢಿ ಇದೆ. ಹಾರಾಟವನ್ನು ರದ್ದು ಮಾಡಿದ ದಿನವೂ ಅವರು ಮಧ್ಯಾಹ್ನ ಅದೇ ಮಾರ್ಗದ ಮೆಟಾರ್‌ಗಳನ್ನೂ ಕ್ಯಾಮೆರಾ ಚಿತ್ರಗಳನ್ನೂ ತೆರೆದು, ಬೆಳಿಗ್ಗೆ ತಾವು ಬರೆದಿಟ್ಟ ಅಂದಾಜಿನ ಪಕ್ಕ ನಡೆದದ್ದನ್ನು ಬರೆಯುತ್ತಾರೆ. ಹತ್ತು ಗಂಟೆಗೆ ಕರಗುತ್ತದೆ ಎಂದಿದ್ದ ಕಣಿವೆಯ ಮಂಜು ಹನ್ನೆರಡೂವರೆಗೆ ಕರಗಿತು, ಗಾಳಿ ಹೇಳಿದ್ದಕ್ಕಿಂತ ಹತ್ತು ನಾಟ್ ಹೆಚ್ಚಿತ್ತು, ಎರಡನೆಯ ನಿಲ್ದಾಣದ ವರದಿ ಇಡೀ ಬೆಳಿಗ್ಗೆ ನಿರ್ಮಲ ಎನ್ನುತ್ತಿದ್ದಾಗ ಕ್ಯಾಮೆರಾದಲ್ಲಿ ರನ್‌ವೇಯ ಪಶ್ಚಿಮದ ತುದಿ ಕಾಣುತ್ತಿರಲಿಲ್ಲ.